ಒಳಹೊಕ್ಕ ವೈರಸ್ ಹೊರಬೀಳುವುದು ಯಾರ ಕೈಹಿಡಿದು?

ಎಚ್‌ಐವಿಯ ಇಡೀ ಜೀನೋಮ್ ಸುಮಾರು 9,700 ಅಕ್ಷರಗಳಷ್ಟು. ಅದರಲ್ಲಿರುವ ಜೀನ್‌ಗಳು 9, ಅವುಗಳಿಂದ ಹುಟ್ಟುವ ಪ್ರೋಟೀನುಗಳು 15ರ ಆಸುಪಾಸು. ಜೀವಕೋಶಕ್ಕೆ ಅಂಟಿ ಒಳನುಗ್ಗಲು ಒಂದು, ತನ್ನ ಆರ್‌ಎನ್‌ಎಯಿಂದ ಡಿಎನ್‌ಎ ಮಾಡಿಕೊಳ್ಳಲು ಒಂದು, ಆ ಡಿಎನ್‌ಎಯನ್ನು ನಮ್ಮ ವರ್ಣತಂತುವಿನೊಳಗೆ ಸೇರಿಸಲು ಮತ್ತೊಂದು, ಹೀಗೆ ಹೆಚ್ಚಿನ ಕೆಲಸಗಳಿಗೆಲ್ಲ ಅದರದ್ದೇ ಆಳುಂಟು. ಹೊರಗೆ ಹೋಗುವ ಕೊನೆಯ ಗಳಿಗೆಯಲ್ಲಿ ಪೊರೆ ಕತ್ತರಿಸಿಕೊಂಡು ಬಿಡುಗಡೆಯಾಗಲು ಮಾತ್ರ ಅದರ ಹತ್ತಿರ ಸ್ವಂತದ್ದು ಏನೂ ಇಲ್ಲ. ಆ ಕೆಲಸವನ್ನು ಸೋಂಕು ತಗುಲಿದ ಜೀವಕೋಶದ ಪ್ರೋಟೀನುಗಳೇ ಮಾಡಿಕೊಡುತ್ತವೆ. ಚಿಕಿತ್ಸೆ ಇಲ್ಲದ ಸೋಂಕಿತರ ಮೈಯಲ್ಲಿ ದಿನಕ್ಕೆ ಸುಮಾರು ಒಂದು ಸಾವಿರ ಕೋಟಿ ಹೊಸ ಕಣಗಳು ಹುಟ್ಟುತ್ತವೆ ಎಂಬುದು 1996ರಲ್ಲಿ ಹಾಕಿದ ಲೆಕ್ಕ. ಅಷ್ಟೂ ಕಣಗಳು ನಮ್ಮದೇ ಕತ್ತರಿಯಿಂದ ಬಿಡಿಸಿಕೊಂಡು ಹೊರಬಂದಂಥವು.

ಬಾಗಲಕೋಟೆ ಮತ್ತು ಬೆಳಗಾವಿ ಒಂದು ಕಾಲಕ್ಕೆ ರಾಜ್ಯದಲ್ಲಿ ಎಚ್‌ಐವಿ ಹೆಚ್ಚಿದ್ದ ಜಿಲ್ಲೆಗಳ ಸಾಲಿನಲ್ಲಿದ್ದವು. ಹಾಗಾಗಿ ಎಚ್‌ಐವಿಗೆ ಕೊಡುವ ಎಆರ್‌ಟಿ ಮಾತ್ರೆಯ ಹೆಸರು ಇಲ್ಲಿನವರಿಗೆ ಹೊಸದಲ್ಲ. ಈಗ ಸಾಮಾನ್ಯವಾಗಿ ಕೊಡುವ ಟೆನೋಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರನ್ನೂ ಕೂಡಿಸಿದ ಮಾತ್ರೆ ವೈರಸ್ಸಿನ ಎರಡು ಕಿಣ್ವಗಳನ್ನು ತಡೆಯುತ್ತದೆ. ಹೊರಬೀಳುವ ಹಂತವನ್ನು ತಡೆಯುವ ಎಚ್‌ಐವಿ ಔಷಧ ಒಂದೂ ಮಾರುಕಟ್ಟೆಯಲ್ಲಿಲ್ಲ. ಯಾಕಿಲ್ಲ ಎಂದು ತಿಳಿಯಬೇಕಾದರೆ ಆ ಕತ್ತರಿ ಯಾವುದು, ಅದು ನಮಗೆ ಯಾತಕ್ಕೆ ಬೇಕು ಎಂಬುದನ್ನು ಮೊದಲು ನೋಡಬೇಕು.

ಜೀವಕೋಶದ ಪೊರೆ ಸುಮಾರು 5 ನ್ಯಾನೋಮೀಟರ್ ದಪ್ಪದ ಎರಡು ಪದರದ ಕೊಬ್ಬು. ಎಚ್‌ಐವಿ, ಎಬೋಲಾ, ರೇಬೀಸ್‌ನಂಥ ಹೊದಿಕೆಯ ವೈರಸ್‌ಗಳು ಈ ಪೊರೆಯನ್ನು ಒಳಗಿನಿಂದ ಹೊರಕ್ಕೆ ಉಬ್ಬಿಸಿ, ಮೊಗ್ಗಿನಂತೆ ಮೇಲೆದ್ದು, ಅದೇ ಪೊರೆಯನ್ನು ಹೊದ್ದುಕೊಂಡು ಹೋಗುತ್ತವೆ. ಉಬ್ಬಿಸುವುದು ಕಷ್ಟವಲ್ಲ. ಕೊನೆಗೆ ಉಳಿಯುವ ಸಣ್ಣ ಕತ್ತನ್ನು ಕತ್ತರಿಸಿ, ಎರಡೂ ಕಡೆ ತೂತು ಉಳಿಯದಂತೆ ಮುಚ್ಚುವುದೇ ಕಷ್ಟ. ಹೊರಗಿನದನ್ನು ಒಳಗೆ ಎಳೆದುಕೊಳ್ಳುವಾಗ ಜೀವಕೋಶ ಡೈನಮಿನ್ ಎಂಬ ಪ್ರೋಟೀನನ್ನು ಬಳಸುತ್ತದೆ. ಅದು ಕತ್ತಿನ ಸುತ್ತ ಹೊರಗಿನಿಂದ ಸುತ್ತಿಕೊಂಡು ಹಿಸುಕುತ್ತದೆ. ವೈರಸ್ಸಿನ ಮೊಗ್ಗಿನಲ್ಲಿ ಲೆಕ್ಕ ತಿರುಗುಮುರುಗು. ಜೀವಕೋಶದ ರಸ ಇರುವುದು ಕತ್ತಿನ ಒಳಗೆ, ಹೊರಗಲ್ಲ. ಪ್ರೋಟೀನುಗಳು ಒಳಗೇ ನಿಂತು ಕತ್ತನ್ನು ತಮ್ಮ ಕಡೆಗೆ ಎಳೆದುಕೊಂಡು ಮುಚ್ಚಬೇಕು. ಎಲೆಅಡಿಕೆ ಸಂಚಿಯ ಲಾಡಿಯನ್ನು ಸಂಚಿಯ ಒಳಗೆ ಕೂತೇ ಎಳೆದು ಬಾಯಿ ಬಿಗಿದ ಹಾಗೆ.

ಈ ಕೆಲಸ ಬಲ್ಲ ಪ್ರೋಟೀನು ತಂಡದ ಹೆಸರು ಎಸ್ಕಾರ್ಟ್. ಇದನ್ನು ಕಂಡುಹಿಡಿದವರು ವೈರಸ್ ಹುಡುಕುತ್ತಿರಲಿಲ್ಲ. ಅಮೆರಿಕದ ಸ್ಕಾಟ್ ಎಮ್ರ್ ಅವರ ಪ್ರಯೋಗಾಲಯದಲ್ಲಿ ಯೀಸ್ಟ್‌ನಲ್ಲಿ ಪ್ರೋಟೀನುಗಳ ವಿಂಗಡಣೆ ಎಲ್ಲಿ ಕೆಡುತ್ತದೆ ಎಂದು ಹುಡುಕುತ್ತ ಹೋದಾಗ 2001-02ರಲ್ಲಿ ಈ ತಂಡದ ಸದಸ್ಯರು ಒಬ್ಬೊಬ್ಬರಾಗಿ ಹೊರಬಂದರು. ನಮ್ಮ ಜೀವಕೋಶಕ್ಕೆ ಇದು ಹಲವು ಕಡೆ ಬೇಕು. ಹೊರಗಿನ ಸಂಕೇತ ಹಿಡಿದು ಬಳಸಿ ಮುಗಿದ ಗ್ರಾಹಕ ಪ್ರೋಟೀನುಗಳನ್ನು ಸಣ್ಣ ಚೀಲಗಳೊಳಗೆ ತಳ್ಳಿ, ಎಲ್ಲವನ್ನೂ ಜೀರ್ಣಿಸುವ ಲೈಸೋಸೋಮಿಗೆ ಕಳಿಸಲು ಬೇಕು, ಹರಿದ ಪೊರೆಗೆ ತೇಪೆ ಹಾಕಲು ಬೇಕು, ಕೋಶ ವಿಭಜನೆ ಮುಗಿದ ಮೇಲೆ ನ್ಯೂಕ್ಲಿಯಸ್ಸಿನ ಹೊದಿಕೆ ಮುಚ್ಚಲು ಬೇಕು. ಎರಡು ಮರಿಕೋಶಗಳ ನಡುವೆ ಉಳಿಯುವ ತೆಳುವಾದ ಸೇತುವೆ ಕತ್ತರಿಸುವುದೂ ಇದೇ ತಂಡ ಎಂದು 2007ರಲ್ಲಿ ಗೊತ್ತಾಯಿತು. ಈ ಎಲ್ಲ ಕಡೆಯೂ ಕತ್ತಿನ ಒಳಗೇ ಜೀವಕೋಶದ ರಸ ಇರುತ್ತದೆ. ವೈರಸ್ ತನಗೆ ಬೇಕಾದ ಉಪಕರಣವನ್ನು ಸರಿಯಾಗಿಯೇ ಆರಿಸಿಕೊಂಡಿದೆ.

ಎಚ್‌ಐವಿಯ ವಿಷಯದಲ್ಲಿ ಈ ಕೆಲಸ ಹಂತಹಂತವಾಗಿ ತಿಳಿದಿರುವುದರಿಂದ ಅದನ್ನೇ ಹತ್ತಿರದಿಂದ ನೋಡೋಣ.

ಕಣದ ಚೌಕಟ್ಟು ಕಟ್ಟುವುದು ಗ್ಯಾಗ್ ಎಂಬ ಪ್ರೋಟೀನ್. ಅದು ಪ್ರೋಟೀನು ಕಟ್ಟುವ ರೈಬೋಸೋಮಿನಿಂದ ಹೊರಬರುವಾಗಲೇ ನಮ್ಮ ಕಿಣ್ವವೊಂದು ಅದರ ತಲೆಗೆ ಮಿರಿಸ್ಟಿಕ್ ಆಮ್ಲವೆಂಬ 14 ಇಂಗಾಲದ ಕೊಬ್ಬಿನ ಬಾಲ ಅಂಟಿಸುತ್ತದೆ. ಆ ಬಾಲ ಇಲ್ಲದಿದ್ದರೆ ಗ್ಯಾಗ್ ಪೊರೆಗೆ ಕಚ್ಚಿಕೊಳ್ಳುವುದೇ ಇಲ್ಲ, ಮುಂದಿನದೆಲ್ಲ ಅಲ್ಲಿಗೇ ನಿಲ್ಲುತ್ತದೆ. ಪೊರೆಯ ಒಳಮೈಯಲ್ಲಿ ಪಿಐಪಿ2 ಎಂಬ ಕೊಬ್ಬು ಹೆಚ್ಚಿರುವುದನ್ನು ನೋಡಿ ಗ್ಯಾಗ್ ಅಲ್ಲಿ ನೆಲೆಯೂರುತ್ತದೆ. ಬೇರೆ ಪೊರೆಗಳನ್ನು ಬಿಟ್ಟು ಹೊರಪೊರೆಗೇ ಹೋಗಲು ಈ ಕೊಬ್ಬೇ ಗುರುತು. ಒಂದರ ಪಕ್ಕ ಒಂದು ಸೇರಿ ಆರಾರರ ಗುಂಪು ಕಟ್ಟುವಾಗ ನಡುವಿನ ರಂಧ್ರದಲ್ಲಿ ಐಪಿ6 ಎಂಬ ಸಣ್ಣ ಅಣು ಕೂತು ಜೋಡಣೆಯನ್ನು ಗಟ್ಟಿ ಮಾಡುತ್ತದೆ. ಇದು 2018ರಲ್ಲಿ ಸ್ಪಷ್ಟವಾದ ಸಂಗತಿ. ವಿಜಯಪುರದ ಬಿಳಿಜೋಳದ ಕಾಳು ರಂಜಕ ಕೂಡಿಟ್ಟುಕೊಳ್ಳುವುದು ಇದೇ ಅಣುವಿನ ರೂಪದಲ್ಲಿ, ಅಲ್ಲಿ ಅದನ್ನು ಫೈಟಿಕ್ ಆಮ್ಲ ಎನ್ನುತ್ತಾರೆ. ಹಾಗೆಂದು ರೊಟ್ಟಿ ಬಿಡಬೇಕಿಲ್ಲ. ನಮ್ಮ ಜೀವಕೋಶ ತನಗೆ ಬೇಕಾದ ಐಪಿ6 ಅನ್ನು ತಾನೇ ತಯಾರಿಸಿಕೊಳ್ಳುತ್ತದೆ, ವೈರಸ್ ಕದಿಯುವುದು ಅದನ್ನು.

ಸುಮಾರು 2,500 ಗ್ಯಾಗ್ ಅಣುಗಳು ಸೇರಿದಾಗ 130 ನ್ಯಾನೋಮೀಟರ್ ಆಸುಪಾಸಿನ ಒಂದು ಉಬ್ಬು ಎದ್ದಿರುತ್ತದೆ. ಗ್ಯಾಗ್‌ನ ಬಾಲದ ತುದಿಯಲ್ಲಿ ಪಿ6 ಎಂಬ ಚಿಕ್ಕ ಭಾಗವಿದೆ, ಅದರಲ್ಲಿ ನಾಲ್ಕು ಅಮೈನೋ ಆಮ್ಲಗಳ ಒಂದು ಸಾಲು: ಪ್ರೋಲಿನ್, ಥ್ರಿಯೋನಿನ್, ಅಲನಿನ್, ಪ್ರೋಲಿನ್. ಬರೆಯುವಾಗ ಪಿ-ಟಿ-ಎ-ಪಿ ಎನ್ನುತ್ತಾರೆ. ಎಸ್ಕಾರ್ಟ್ ತಂಡದ ಮುಂಚೂಣಿಯ ಟಿಎಸ್‌ಜಿ101 ಎಂಬ ಪ್ರೋಟೀನಿನಲ್ಲಿ ಒಂದು ತಗ್ಗಿದೆ. ಈ ನಾಲ್ಕರ ಸಾಲು ಅಲ್ಲಿ ಹೊಂದಿಕೊಂಡು ಕೂರುತ್ತದೆ. ಆ ತಗ್ಗು ಇರುವುದು ವೈರಸ್ಸಿಗಾಗಿ ಅಲ್ಲ. ನಮ್ಮದೇ ಎಚ್‌ಆರ್‌ಎಸ್ ಎಂಬ ಪ್ರೋಟೀನ್ ಪಿ-ಎಸ್-ಎ-ಪಿ ಎಂಬ ಹೆಚ್ಚುಕಡಿಮೆ ಅಂಥದೇ ಸಾಲನ್ನು ತೋರಿಸಿ ಟಿಎಸ್‌ಜಿ101 ಅನ್ನು ಕರೆಸಿಕೊಳ್ಳುತ್ತದೆ. ಎಚ್‌ಐವಿ ಅದರ ನಕಲು ಹೊತ್ತು ತಿರುಗುತ್ತಿದೆ.

ಮುಂದಿನದು ಬೇಗಬೇಗ ನಡೆಯುತ್ತದೆ. ಟಿಎಸ್‌ಜಿ101 ಬಂದ ಮೇಲೆ, ಇಲ್ಲವೇ ಪಿ6ನ ಇನ್ನೊಂದು ಸಾಲಿಗೆ ಅಂಟುವ ಎಲಿಕ್ಸ್ ಎಂಬ ಪ್ರೋಟೀನಿನ ಮೂಲಕ, ಸಿಎಚ್‌ಎಂಪಿ4 ಎಂಬ ಪ್ರೋಟೀನಿನ ಅಣುಗಳು ಕತ್ತಿನ ಒಳಗೋಡೆಗೆ ಸಾಲಾಗಿ ಅಂಟಿ ಸುರುಳಿಯಾಕಾರದ ಎಳೆಯಾಗುತ್ತವೆ. ಸಿಎಚ್‌ಎಂಪಿ2, ಸಿಎಚ್‌ಎಂಪಿ3 ಅದಕ್ಕೆ ಸೇರುತ್ತವೆ. ಕಡೆಗೆ ವಿಪಿಎಸ್4 ಎಂಬ, ಆರು ತುಂಡು ಸೇರಿ ಉಂಗುರವಾದ ಕಿಣ್ವ ಬಂದು ಕೋಶದ ಇಂಧನವಾದ ಎಟಿಪಿ ಸುಡುತ್ತ ಆ ಎಳೆಯ ಅಣುಗಳನ್ನು ಒಂದೊಂದಾಗಿ ತನ್ನ ನಡುರಂಧ್ರದೊಳಗೆ ಎಳೆದು ಬಿಚ್ಚುತ್ತದೆ. ಎಳೆ ಬಿಚ್ಚುತ್ತ ಬಿಗಿಯುತ್ತ ಹೋದಂತೆ ಕತ್ತು ಕಿರಿದಾಗಿ ತುಂಡಾಗುತ್ತದೆ. ಹೊಳೆಯುವ ಗುರುತು ಕಟ್ಟಿ ಜೀವಂತ ಕೋಶದಲ್ಲೇ ಇದನ್ನು ನೋಡಿದವರ ಪ್ರಕಾರ ಗ್ಯಾಗ್ ಜೋಡಣೆಗೇ ಹತ್ತು ನಿಮಿಷದ ಆಸುಪಾಸು ಬೇಕು. ವಿಪಿಎಸ್4 ಮಾತ್ರ ಕೊನೆಯಲ್ಲಿ ಬಂದು ಒಂದೆರಡು ನಿಮಿಷದೊಳಗೆ ಕೆಲಸ ಮುಗಿಸಿ ಹೋಗುತ್ತದೆ.

ಪಿ-ಟಿ-ಎ-ಪಿ ಎಂಬ ಆ ನಾಲ್ಕಕ್ಷರ ಅಳಿಸಿದರೆ ಏನಾಗುತ್ತದೆ? 1991ರಲ್ಲೇ ಪಿ6 ಕೆಡಿಸಿದ ಎಚ್‌ಐವಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು. ಕಣಗಳೆಲ್ಲ ಪೂರ್ತಿ ಗುಂಡಗಾಗಿ, ಸಣ್ಣ ದಂಟಿನ ಮೇಲೆ ಪೊರೆಗೇ ಅಂಟಿಕೊಂಡು ನಿಂತಿದ್ದವು. ಕಟ್ಟಡ ಮುಗಿದಿದೆ, ಬಿಡುಗಡೆ ಆಗಿಲ್ಲ. ಹೀಗೆ ತೀರ ಕೊನೆಯ ಹಂತದಲ್ಲಿ ಸಿಕ್ಕಿಬೀಳಿಸುವ ಇಂಥ ಸಾಲುಗಳಿಗೆ ಲೇಟ್ ಡೊಮೈನ್ ಎಂದು ಹೆಸರು. ಅಲ್ಲಿ ಕೂರುವುದು ಟಿಎಸ್‌ಜಿ101 ಎಂದು ತಿಳಿಯಲು ಮತ್ತೆ ಹತ್ತು ವರ್ಷ ಹಿಡಿಯಿತು. 2001ರಲ್ಲಿ ಬೇರೆಬೇರೆ ತಂಡಗಳು ಹೆಚ್ಚುಕಡಿಮೆ ಒಟ್ಟಿಗೇ ಅದನ್ನು ತೋರಿಸಿದವು.

ಎಲ್ಲ ವೈರಸ್‌ಗಳೂ ಇದೇ ನಾಲ್ಕಕ್ಷರ ಹಿಡಿದು ಬರುವುದಿಲ್ಲ. ರೇಬೀಸ್ ವೈರಸ್ಸಿನ ಮ್ಯಾಟ್ರಿಕ್ಸ್ ಪ್ರೋಟೀನಿನಲ್ಲಿ ಇರುವುದು ಪಿ-ಪಿ-ಇ-ವೈ. ಅದು ನೆಡ್4 ಕುಟುಂಬದ ಪ್ರೋಟೀನುಗಳನ್ನು ಹಿಡಿಯುತ್ತದೆ. ಇವು ಯುಬಿಕ್ವಿಟಿನ್ ಎಂಬ ಗುರುತನ್ನು ಬೇರೆ ಪ್ರೋಟೀನುಗಳ ಮೇಲೆ ಅಂಟಿಸುವ ಕಿಣ್ವಗಳು, ಆ ಗುರುತು ಕಂಡಲ್ಲಿಗೆ ಎಸ್ಕಾರ್ಟ್ ತಂಡ ಬರುತ್ತದೆ. ಎಬೋಲಾದ ವಿಪಿ40 ಎಂಬ ಪ್ರೋಟೀನ್ ಇನ್ನೂ ಜಾಣ. ಪಿ-ಟಿ-ಎ-ಪಿ-ಪಿ-ಇ-ವೈ ಎಂದು ಎರಡೂ ಸಾಲನ್ನು ಒಂದರ ಮೇಲೊಂದು ಹೇರಿಕೊಂಡು, ಒಂದು ದಾರಿ ಕಟ್ಟಿದರೆ ಇನ್ನೊಂದಿರಲಿ ಎಂದು ಎರಡನ್ನೂ ಇಟ್ಟುಕೊಂಡಿದೆ.

ನಮ್ಮ ಕಡೆಯ ಕುರಿಗಾರರಿಗೆ ಹೆಚ್ಚು ಹತ್ತಿರದ ಉದಾಹರಣೆ ನೀಲಿ ನಾಲಿಗೆ ರೋಗ. ಹುನಗುಂದ, ಬಾದಾಮಿ, ಸಿಂದಗಿ ಸೀಮೆಯಲ್ಲಿ ಮಳೆಗಾಲದ ಕೊನೆಗೆ, ತೇವ ಇದ್ದಲ್ಲಿ ಕ್ಯೂಲಿಕಾಯ್ಡಿಸ್ ಎಂಬ ನುಸಿ ಎದ್ದಾಗ ಕುರಿಗಳ ಬಾಯಿ ಊದಿ, ಜೊಲ್ಲು ಸುರಿದು, ಗೊರಸಿನ ಬುಡ ಕೆಂಪಾಗಿ ಕುಂಟುತ್ತವಲ್ಲ, ಆ ರೋಗ. ಅಮೀನಗಡದ ಸಂತೆಯಲ್ಲಿ ಕುರಿ ಕೊಳ್ಳುವವರು ಬಾಯಿ ತೆರೆಸಿ ನೋಡುವುದಕ್ಕೆ ವಯಸ್ಸೊಂದೇ ಕಾರಣವಲ್ಲ. ಈ ವೈರಸ್ಸಿಗೆ ಕೊಬ್ಬಿನ ಹೊದಿಕೆಯೇ ಇಲ್ಲ, ಪ್ರೋಟೀನಿನ ಚಿಪ್ಪಷ್ಟೇ. ಹೊದಿಕೆ ಇಲ್ಲದ ವೈರಸ್ ಜೀವಕೋಶವನ್ನು ಒಡೆದೇ ಹೊರಬರುತ್ತದೆ ಎಂದು ಪಠ್ಯಪುಸ್ತಕಗಳು ಬರೆದುಬಿಡುತ್ತವೆ. ಅರ್ಧ ಮಾತ್ರ ನಿಜ.

ಈ ವೈರಸ್ಸಿನ ಎನ್‌ಎಸ್3 ಎಂಬ ಪ್ರೋಟೀನ್ ಪೊರೆಯಲ್ಲಿ ಹೂತಿರುತ್ತದೆ. ಅದರ ಒಂದು ತುದಿ ಹೊಸ ಕಣದ ಹೊರಚಿಪ್ಪಿಗೆ ಅಂಟುತ್ತದೆ. ಇನ್ನೊಂದು ತುದಿಯ ಮೊದಲ 13 ಅಮೈನೋ ಆಮ್ಲಗಳು ನಮ್ಮ ಅನೆಕ್ಸಿನ್ ಎ2 ಎಂಬ ಪ್ರೋಟೀನಿನ ವೇಷ ಹಾಕಿ, ಅದರ ಜೋಡಿಯಾದ ಪಿ11 ಅನ್ನು ಹಿಡಿದುಕೊಳ್ಳುತ್ತವೆ. ಪಿ11 ಎಂದರೆ ಚೀಲಗಳನ್ನು ಪೊರೆಯ ಬಳಿಗೆ ಸಾಗಿಸುವ ವ್ಯವಸ್ಥೆಯ ಆಳು. ಎನ್‌ಎಸ್3ಯಲ್ಲಿ ಪಿ-ಎಸ್-ಎ-ಪಿ ಸಾಲೂ ಇದೆ, ಅದು ಟಿಎಸ್‌ಜಿ101 ಅನ್ನು ಕರೆಯುತ್ತದೆ. ನುಸಿಯ ಕೋಶದಲ್ಲಿ ಎನ್‌ಎಸ್3 ಹೇರಳವಾಗಿ ತಯಾರಾಗುತ್ತದೆ, ವೈರಸ್ ಮೆಲ್ಲಗೆ ಮೊಗ್ಗೊಡೆದು ಹೋಗುತ್ತದೆ, ಕೋಶ ಸಾಯುವುದಿಲ್ಲ. ಸಸ್ತನಿಯ ಕೋಶದಲ್ಲಿ ಎನ್‌ಎಸ್3 ಕಡಿಮೆ, ಅಲ್ಲಿ ಕೋಶ ಸತ್ತು ಒಡೆದು ವೈರಸ್ ಸುರಿಯುವುದೇ ಹೆಚ್ಚು. ಸೋಂಕಿತ ನುಸಿ ಬದುಕಿರುವಷ್ಟು ದಿನವೂ ವೈರಸ್ ಹೊತ್ತು ಕಚ್ಚುತ್ತಲೇ ಇರುತ್ತದೆ, ಕುರಿಯ ರಕ್ತನಾಳದ ಒಳಗೋಡೆ ಹಾಳಾಗಿ ಮುಖ ಊದುತ್ತದೆ. ಒಂದೇ ವೈರಸ್ ಎರಡು ಮೈಯಲ್ಲಿ ಎರಡು ಬಗೆಯಾಗಿ ನಡೆದುಕೊಳ್ಳುವುದಕ್ಕೆ ಹೊರಬೀಳುವ ದಾರಿಯ ವ್ಯತ್ಯಾಸವೂ ಒಂದು ಕಾರಣ ಎಂಬುದು ನನಗೆ ಈ ಇಡೀ ವಿಷಯದಲ್ಲಿ ತೀರ ಸೊಗಸಾಗಿ ಕಾಣುವ ಭಾಗ. ಲಸಿಕೆಗೂ ಇದಕ್ಕೂ ಸಂಬಂಧವಿಲ್ಲ. ಭಾರತದಲ್ಲಿ ಬಳಸುವ, ವೈರಸ್ಸಿನ ಐದು ಬಗೆಗಳನ್ನು ಕೂಡಿಸಿದ ನಿಷ್ಕ್ರಿಯ ಲಸಿಕೆ ಹೊರಚಿಪ್ಪಿನ ಮೇಲೆ ಕೆಲಸ ಮಾಡುತ್ತದೆ. ಅದನ್ನು ನುಸಿ ಏಳುವ ಮುಂಚೆ ಹಾಕಿಸಬೇಕು, ನಾಲಿಗೆ ನೀಲಿಯಾದ ಮೇಲಲ್ಲ.

2022ರಲ್ಲಿ ಬಾಗಲಕೋಟೆ, ಬೆಳಗಾವಿ, ವಿಜಯಪುರ ಮೂರೂ ಜಿಲ್ಲೆಗಳ ದನಗಳನ್ನು ಕಾಡಿದ ಚರ್ಮಗಂಟು ರೋಗದ ವೈರಸ್ ಪಾಕ್ಸ್ ಕುಟುಂಬದ್ದು. ಪಾಕ್ಸ್ ವೈರಸ್ ಹೊರಬೀಳುವ ಬಗೆ ತಿಳಿದಿರುವುದು ಬಹುಪಾಲು ಅದೇ ಕುಟುಂಬದ ವ್ಯಾಕ್ಸೀನಿಯಾ ಎಂಬ, ಸಿಡುಬಿನ ಲಸಿಕೆಗೆ ಬಳಸುತ್ತಿದ್ದ ವೈರಸ್ಸಿನಿಂದ. ಇದರ ಕಷ್ಟ ಬೇರೆ. ಕಣ 300 ನ್ಯಾನೋಮೀಟರಿನ ಆಸುಪಾಸು, ಜೀವಕೋಶದ ರಸವೋ ಪ್ರೋಟೀನುಗಳಿಂದ ಕಿಕ್ಕಿರಿದ ಗಟ್ಟಿ ರಸ. ತಾನಾಗಿ ತೇಲಿಕೊಂಡು ನ್ಯೂಕ್ಲಿಯಸ್ಸಿನ ಬಳಿಯಿಂದ ಅಂಚಿಗೆ ಬರಬೇಕೆಂದರೆ ಗಂಟೆಗಟ್ಟಲೆ ಬೇಕು. ಅದಕ್ಕೆ ಅದು ಕೈನೆಸಿನ್-1 ಎಂಬ ಮೋಟಾರು ಪ್ರೋಟೀನನ್ನು ಹಿಡಿಯುತ್ತದೆ. ಮೈಕ್ರೋಟ್ಯೂಬ್ಯೂಲ್ ಎಂಬ ಹಳಿಯ ಮೇಲೆ ಸೆಕೆಂಡಿಗೆ ಸುಮಾರು 1 ಮೈಕ್ರೋಮೀಟರ್ ವೇಗದಲ್ಲಿ ಸಾಗಿದರೆ ಅಂಚು ತಲುಪಲು ನಿಮಿಷವೂ ಬೇಡ.

ಅಂಚಿನಲ್ಲಿ ವೈರಸ್ಸಿನ ಹೊರಗಿನ ಹೊದಿಕೆ ಕೋಶದ ಪೊರೆಯೊಡನೆ ಬೆರೆಯುತ್ತದೆ, ಕಣ ಹೊರಮೈಯಲ್ಲಿ ಕೂರುತ್ತದೆ. ಆಗ ಅದರ ಎ36 ಎಂಬ ಪ್ರೋಟೀನ್ ಪೊರೆಯ ಒಳಬದಿಯಲ್ಲಿ ಉಳಿದಿರುತ್ತದೆ. ನಮ್ಮ ಸಾರ್ಕ್ ಮತ್ತು ಏಬಲ್ ಕಿಣ್ವಗಳು ಅದರ ಮೇಲೆ ಫಾಸ್ಫೇಟ್ ಹಚ್ಚುತ್ತವೆ. ಫಾಸ್ಫೇಟ್ ಕಂಡು ಎನ್‌ಸಿಕೆ ಎಂಬ ನಮ್ಮ ಪ್ರೋಟೀನ್ ಬರುತ್ತದೆ, ಅದರ ಹಿಂದೆ ಎನ್-ವಾಸ್ಪ್, ಅದರ ಹಿಂದೆ ಎಆರ್‌ಪಿ2/3. ಎಲ್ಲ ಸೇರಿ ಕಣದ ಕೆಳಗೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳನ್ನು ಬೆಳೆಸುತ್ತ ಹೋಗುತ್ತವೆ. ಬೆಳೆಯುವ ಎಳೆ ಕಣವನ್ನು ಪಕ್ಕದ ಕೋಶದ ಕಡೆಗೆ ತಳ್ಳುತ್ತದೆ. ಪಕ್ಕದ ಕೋಶಕ್ಕೆ ಆಗಲೇ ಸೋಂಕು ತಗುಲಿದ್ದರೆ ಅದರ ಹೊರಮೈಯಲ್ಲೂ ವೈರಸ್ಸಿನ ಪ್ರೋಟೀನುಗಳು ಬಂದಿರುತ್ತವೆ. ಅಲ್ಲಿಗೆ ಬಂದು ಬಿದ್ದ ಕಣದ ಕೆಳಗೆ ಮತ್ತೆ ಆಕ್ಟಿನ್ ಬೆಳೆದು ಅದನ್ನು ಮುಂದಿನ ಕೋಶಕ್ಕೆ ಎಸೆಯುತ್ತದೆ. 2010ರಲ್ಲಿ ತಿಳಿದ ಈ ಸಂಗತಿಯಿಂದಲೇ ವೈರಸ್ ಹರಡುವ ವೇಗ ಅದು ಹುಟ್ಟುವ ವೇಗಕ್ಕಿಂತ ಯಾಕೆ ಹೆಚ್ಚು ಎಂಬ ಹಳೆಯ ಒಗಟು ಬಗೆಹರಿಯಿತು.

ಡೆಂಗ್ಯೂ, ಮಂಗನ ಕಾಯಿಲೆಯಂಥ ಫ್ಲೇವಿ ವೈರಸ್‌ಗಳು ಹೊರಪೊರೆಯ ತಂಟೆಗೇ ಹೋಗುವುದಿಲ್ಲ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಒಳಜಾಲದೊಳಕ್ಕೇ ಮೊಗ್ಗೊಡೆದು, ನಮ್ಮ ಸ್ವಂತ ಪ್ರೋಟೀನುಗಳು ಹೊರಹೋಗುವ ದಾರಿಯಲ್ಲೇ ಗಾಲ್ಜಿ ಎಂಬ ವಿಂಗಡಣೆಯ ಚೀಲಗಳ ಮೂಲಕ ಸಾಗುತ್ತವೆ. ದಾರಿಯಲ್ಲಿ ಆಮ್ಲೀಯ ವಾತಾವರಣ ಸಿಕ್ಕಾಗ ಫ್ಯೂರಿನ್ ಎಂಬ ನಮ್ಮ ಕಿಣ್ವ ಡೆಂಗ್ಯೂ ಕಣದ ಮೇಲಿನ ಪಿಆರ್-ಎಂ ಪ್ರೋಟೀನನ್ನು ಕತ್ತರಿಸುತ್ತದೆ. 60 ನ್ಯಾನೋಮೀಟರಿನ ಮುಳ್ಳುಮುಳ್ಳಾದ ಅಪಕ್ವ ಕಣ 50 ನ್ಯಾನೋಮೀಟರಿನ ನುಣುಪಾದ ಕಣವಾಗುತ್ತದೆ. ಫ್ಯೂರಿನ್ ಈ ಕೆಲಸವನ್ನು ಡೆಂಗ್ಯೂನಲ್ಲಿ ಪೂರ್ತಿ ಮಾಡುವುದಿಲ್ಲ, ಅರೆಪಕ್ವ ಕಣಗಳೂ ಬೇಕಾದಷ್ಟು ಹೊರಬರುತ್ತವೆ. ಅವುಗಳ ವಿರುದ್ಧ ಹುಟ್ಟುವ ಕೆಲವು ಪ್ರತಿಕಾಯಗಳು ವೈರಸ್ಸನ್ನು ಕಟ್ಟಿಹಾಕದೆ ಮುಂದಿನ ಸೋಂಕಿಗೆ ಹಾದಿ ಮಾಡಿಕೊಡಬಲ್ಲವು. ಕೋವಿಡ್ ವೈರಸ್ಸೂ ಹೀಗೆ ಒಳಪೊರೆಯಲ್ಲೇ ಮೊಗ್ಗೊಡೆಯುತ್ತದೆ. ಆದರೆ ಅದು ಲೈಸೋಸೋಮ್ ಹಿಡಿದು ಹೊರಬರುತ್ತದೆ ಎಂಬುದು 2020ರಲ್ಲಿ ಹೊರಬಿದ್ದ ಅಚ್ಚರಿ. ಎಲ್ಲವನ್ನೂ ಜೀರ್ಣಿಸುವ ಚೀಲದೊಳಗೆ ವೈರಸ್ ಹೇಗೆ ಉಳಿಯಿತು ಎಂದರೆ, ಸೋಂಕಿತ ಕೋಶದಲ್ಲಿ ಲೈಸೋಸೋಮಿನ ಆಮ್ಲೀಯತೆಯೇ ಇಳಿದಿರುತ್ತದೆ, ಕಿಣ್ವಗಳು ಮಂಕಾಗಿರುತ್ತವೆ.

ಕಲುಷಿತ ನೀರಿನಿಂದ ಬರುವ ಕಾಮಾಲೆಯ ಹೆಪಟೈಟಿಸ್ ಎ ವೈರಸ್ಸಿನದು ಇನ್ನೊಂದು ತಮಾಷೆ. ಮಲದಲ್ಲಿ ಸಿಗುವಾಗ ಅದು 27 ನ್ಯಾನೋಮೀಟರಿನ ಬೆತ್ತಲೆ ಕಣ, ರಕ್ತದಲ್ಲಿ ಮಾತ್ರ ಕೊಬ್ಬಿನ ಹೊದಿಕೆಯೊಳಗೆ ಇರುತ್ತದೆ. 2013ರಲ್ಲಿ ಕಾರಣ ತಿಳಿಯಿತು. ಯಕೃತ್ತಿನ ಕೋಶದಿಂದ ಹೊರಡುವಾಗ ಅದು ಎಲಿಕ್ಸ್ ಮತ್ತು ವಿಪಿಎಸ್4 ನೆರವಿನಿಂದ ನಮ್ಮ ಪೊರೆಯನ್ನೇ ಹೊದ್ದುಕೊಂಡು ಬರುತ್ತದೆ, ಪ್ರತಿಕಾಯಗಳ ಕಣ್ಣಿಗೆ ಬೀಳುವುದಿಲ್ಲ. ಪಿತ್ತನಾಳಕ್ಕೆ ಇಳಿದಾಗ ಪಿತ್ತದ ಲವಣಗಳು ಆ ಹೊದಿಕೆಯನ್ನು ಕರಗಿಸುತ್ತವೆ. ಹೊರಗಿನ ನೀರಿನಲ್ಲಿ ವಾರಗಟ್ಟಲೆ ಬಾಳುವ ಗಟ್ಟಿ ಚಿಪ್ಪಷ್ಟೇ ಉಳಿಯುತ್ತದೆ.

ಫ್ಲೂ ವೈರಸ್ ಇಲ್ಲಿ ಅಪವಾದ. ಅದಕ್ಕೆ ಎಸ್ಕಾರ್ಟ್ ಬೇಡ, ಕತ್ತು ಕತ್ತರಿಸುವುದು ಅದರದ್ದೇ ಎಂ2 ಪ್ರೋಟೀನ್. ಆದರೆ ಕತ್ತರಿಸಿಕೊಂಡ ಮೇಲೂ ಕಣ ಕೋಶದ ಹೊರಮೈಯ ಸಯಾಲಿಕ್ ಆಮ್ಲ ಎಂಬ ಸಕ್ಕರೆಗೆ ಅಂಟಿಕೊಂಡೇ ಇರುತ್ತದೆ. ಅದನ್ನು ಬಿಡಿಸುವುದು ವೈರಸ್ಸಿನದೇ ನ್ಯೂರಮಿನಿಡೇಸ್ ಕಿಣ್ವ. ಒಸೆಲ್ಟಾಮಿವಿರ್ ಮಾತ್ರೆ ತಡೆಯುವುದು ಇದನ್ನೇ. ವಯಸ್ಕರಿಗೆ 75 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ ಐದು ದಿನ, ಅದೂ ಲಕ್ಷಣ ಕಂಡ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಪ್ರಯೋಜನ. ತಡವಾದರೆ ಕಣಗಳು ಆಗಲೇ ಹೊರಬಿದ್ದು ಹರಡಿರುತ್ತವೆ. ವೈರಸ್ಸಿನ ಸ್ವಂತ ಪ್ರೋಟೀನ್ ಆದದ್ದಕ್ಕೇ ಈ ಔಷಧ ಸಾಧ್ಯವಾಯಿತು ಎಂಬುದನ್ನು ಗಮನಿಸಬೇಕು.

ಜೀವಕೋಶ ಸುಮ್ಮನೆ ಕತ್ತರಿ ಕೊಟ್ಟು ಕೂತಿರುವುದಿಲ್ಲ. ವೈರಸ್ ಬಂದಿದೆ ಎಂದು ಸಾರುವ ಇಂಟರ್‌ಫೆರಾನ್ ಸಂಕೇತ ಸಿಕ್ಕೊಡನೆ ಟೆದರಿನ್ ಎಂಬ ಪ್ರೋಟೀನನ್ನು ಹೊರಪೊರೆಗೆ ಕಳಿಸುತ್ತದೆ. 2008ರಲ್ಲಿ ಗುರುತಿಸಿದ ಇದರ ಎರಡೂ ತುದಿಗಳು ಪೊರೆಯಲ್ಲಿ ಹೂತಿರುತ್ತವೆ. ಒಂದು ತುದಿ ವೈರಸ್ಸಿನ ಹೊದಿಕೆಯಲ್ಲಿ, ಇನ್ನೊಂದು ಕೋಶದ ಪೊರೆಯಲ್ಲಿ ಉಳಿದರೆ ಸಾಕು, ಕತ್ತು ತುಂಡಾದ ಮೇಲೂ ಕಣ ಹೋಗಲಾರದು. ಎಚ್‌ಐವಿ ಇದಕ್ಕೆ ವಿಪಿಯು ಎಂಬ ಪ್ರೋಟೀನ್ ಇಟ್ಟುಕೊಂಡಿದೆ. ಅದು ಟೆದರಿನ್ ಅನ್ನು ಹಿಡಿದು, ನಮ್ಮದೇ ಬೀಟಾ-ಟಿಆರ್‌ಸಿಪಿ ಕಿಣ್ವದಿಂದ ಗುರುತು ಹಾಕಿಸಿ ಲೈಸೋಸೋಮಿಗೆ ಕಳಿಸುತ್ತದೆ. ಚಿಂಪಾಂಜಿಯ ಮೂಲ ವೈರಸ್ ನೆಫ್ ಎಂಬ ಬೇರೆ ಪ್ರೋಟೀನಿನಿಂದ ಈ ಕೆಲಸ ಮಾಡುತ್ತಿತ್ತು. ಮನುಷ್ಯರ ಟೆದರಿನ್‌ನಲ್ಲಿ ನೆಫ್ ಹಿಡಿಯಬೇಕಾದ ಜಾಗದ ಐದು ಅಮೈನೋ ಆಮ್ಲಗಳೇ ಇಲ್ಲ. ಹಾಗಾಗಿ ವಿಪಿಯು ಹೊಸ ಕೆಲಸ ಕಲಿಯಬೇಕಾಯಿತು. ಅದನ್ನು ಚೆನ್ನಾಗಿ ಕಲಿತ ಎಚ್‌ಐವಿ-1ರ ಎಂ ಗುಂಪೇ ಜಗತ್ತಿಗೆಲ್ಲ ಹರಡಿದ್ದು.

ಇದನ್ನೆಲ್ಲ ಪ್ರಯೋಗಾಲಯದಲ್ಲಿ ಅಳೆಯುವುದು ಹೇಗೆ ಎಂಬುದು ಬೆಳಗಾವಿ, ವಿಜಯಪುರಗಳ ವೈದ್ಯಕೀಯ ಮತ್ತು ಜೀವವಿಜ್ಞಾನ ವಿದ್ಯಾರ್ಥಿಗಳಿಗೆ ಉಪಯೋಗಕ್ಕೆ ಬರಬಹುದು. ಜೀವಂತ ಎಚ್‌ಐವಿ ಬೇಕಿಲ್ಲ. ಪ್ರಯೋಗಾಲಯದಲ್ಲಿ ಬೆಳೆಸುವ 293ಟಿ ಎಂಬ ಮನುಷ್ಯ ಕೋಶಗಳಿಗೆ ಗ್ಯಾಗ್ ಜೀನ್ ಇರುವ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರ ಒಂದನ್ನೇ ಹಾಕಿದರೂ ಸೋಂಕು ಹರಡದ ಟೊಳ್ಳು ಕಣಗಳು ಹೊರಬರುತ್ತವೆ. 36ರಿಂದ 48 ಗಂಟೆ ಬಿಟ್ಟು ಮೇಲಿನ ದ್ರವ ತೆಗೆದು, 0.45 ಮೈಕ್ರೋಮೀಟರ್ ಫಿಲ್ಟರಿನಲ್ಲಿ ಸೋಸಿ, ಶೇ 20ರ ಸಕ್ಕರೆ ದ್ರಾವಣದ ಮೇಲೆ ಮೆಲ್ಲಗೆ ಬಿಟ್ಟು, 4 ಡಿಗ್ರಿಯಲ್ಲಿ ಸುಮಾರು 1,00,000 ಜಿ ಬಲಕ್ಕೆ ಒಂದೂವರೆಯಿಂದ ಎರಡು ಗಂಟೆ ತಿರುಗಿಸಬೇಕು. ತಳದಲ್ಲಿ ಕೂತದ್ದು ಬಹುಸಲ ಕಣ್ಣಿಗೆ ಕಾಣುವುದೂ ಇಲ್ಲ, ಟ್ಯೂಬಿನ ಹೊರಗೆ ಮೊದಲೇ ಗುರುತು ಹಾಕಿಕೊಂಡಿರದಿದ್ದರೆ ಪಿಪೆಟ್ಟಿನಲ್ಲಿ ಎಳೆದು ಚೆಲ್ಲಿಬಿಡುವುದೇ. ಕೋಶದ ಒಳಗಿನ ಗ್ಯಾಗ್ ಎಷ್ಟು, ತಳಕ್ಕೆ ಕೂತ ಗ್ಯಾಗ್ ಎಷ್ಟು ಎಂದು ಪ್ರತಿಕಾಯ ಬಳಸಿ ಪ್ರೋಟೀನ್ ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಎರಡನ್ನೂ ನೋಡಿ ಅನುಪಾತ ತೆಗೆಯಬೇಕು. ಹೊರಗಿನದನ್ನು ಮಾತ್ರ ಅಳೆದರೆ ಗ್ಯಾಗ್ ತಯಾರಾಗಿದ್ದೇ ಕಡಿಮೆಯೋ, ಹೊರಬಿದ್ದಿದ್ದು ಕಡಿಮೆಯೋ ತಿಳಿಯುವುದಿಲ್ಲ.

ಹೋಲಿಕೆಗೆ ಪಿ-ಟಿ-ಎ-ಪಿ ಕೆಡಿಸಿದ ಗ್ಯಾಗ್ ಒಂದು, ಎಟಿಪಿ ಒಡೆಯಲಾರದ ವಿಪಿಎಸ್4 ಇನ್ನೊಂದು, ಎರಡೂ ಇರಲೇಬೇಕು. ತಪ್ಪುವುದು ಹೆಚ್ಚಾಗಿ ಇಲ್ಲಿ: ಕೋಶಗಳು ಸತ್ತರೆ ಒಳಗಿನ ಗ್ಯಾಗ್ ತಾನೇ ಚೆಲ್ಲಿ ಬಿಡುಗಡೆಯಂತೆ ಕಾಣುತ್ತದೆ. ದ್ರವದಲ್ಲಿ, ಕೋಶದ ಒಳಗಷ್ಟೇ ಇರಬೇಕಾದ ಟ್ಯೂಬ್ಯುಲಿನ್ ಪ್ರೋಟೀನ್ ಸಿಕ್ಕಿತೋ ನೋಡಿದರೆ ಕಳ್ಳತನ ಬಯಲಾಗುತ್ತದೆ. ಎಕ್ಸೋಸೋಮ್ ಎಂಬ ಕೋಶದ ಸ್ವಂತ ಚೀಲಗಳೂ 30ರಿಂದ 150 ನ್ಯಾನೋಮೀಟರ್ ಗಾತ್ರದವು, ಅವೂ ಅದೇ ಬಲಕ್ಕೆ ತಳಕ್ಕೆ ಕೂರುತ್ತವೆ, ಹುಟ್ಟುವುದರಲ್ಲೂ ಎಸ್ಕಾರ್ಟ್ ಕೈ ಇರುತ್ತದೆ. ಜೀನಿನ ಬಾಯಿ ಕಟ್ಟುವ ಎಸ್‌ಐಆರ್‌ಎನ್‌ಎ ಹಾಕಿ ಟಿಎಸ್‌ಜಿ101 ಇಳಿಸಿದರೆ ಉಳಿದ ಅಲ್ಪಸ್ವಲ್ಪವೇ ಕೆಲಸಕ್ಕೆ ಸಾಕಾಗಿ ಏನೂ ಆಗಲಿಲ್ಲವೆಂದು ತೋರಬಹುದು. ಅದನ್ನೇ ಅತಿಯಾಗಿ ತಯಾರಿಸಿದರೆ ವೈರಸ್ ಹೆಚ್ಚು ಹೊರಬರಬೇಕೆಂದು ಅನ್ನಿಸುತ್ತದೆ, ಆಗುವುದು ಉಲ್ಟಾ. ಜೋಡಿ ಸಿಗದ ಟಿಎಸ್‌ಜಿ101 ಅಣುಗಳು ಗ್ಯಾಗ್ ಅನ್ನು ಹಿಡಿದು ಕೂತು ದಾರಿ ಕಟ್ಟುತ್ತವೆ. 293ಟಿ ಕೋಶದಲ್ಲಿ ಟೆದರಿನ್ ಇಲ್ಲ, ಹೀಲಾ ಎಂಬ ಇನ್ನೊಂದು ಬಗೆಯ ಕೋಶದಲ್ಲಿ ಇದೆ. ವಿಪಿಯು ಇಲ್ಲದ ವೈರಸ್ ಒಂದರಲ್ಲಿ ಸಲೀಸಾಗಿ ಹೊರಬಂದು ಇನ್ನೊಂದರಲ್ಲಿ ಸಿಕ್ಕಿಬೀಳುತ್ತದೆ. ಕೋಶದ ಹೆಸರು ಬರೆಯದ ಫಲಿತಾಂಶಕ್ಕೆ ಬೆಲೆ ಇಲ್ಲ.

ಇನ್ನು ಔಷಧದ ಮಾತು. ಕೋಶದ ಪ್ರೋಟೀನನ್ನು ತಡೆದರೆ ಲಾಭವೊಂದಿದೆ: ವೈರಸ್ ರೂಪಾಂತರಗೊಂಡು ತನ್ನ ಪ್ರೋಟೀನ್ ಬದಲಿಸಿಕೊಂಡಷ್ಟು ಸುಲಭವಾಗಿ ನಮ್ಮದನ್ನು ಬದಲಿಸಲಾರದು. ನಷ್ಟವೂ ಅಲ್ಲೇ ಇದೆ. ವಿಪಿಎಸ್4 ನಿಲ್ಲಿಸಿದರೆ ಕೋಶ ವಿಭಜನೆ ಕೆಟ್ಟು ಒಂದೇ ಕೋಶದಲ್ಲಿ ಎರಡು ಮೂರು ನ್ಯೂಕ್ಲಿಯಸ್ ಉಳಿಯುತ್ತವೆ, ಪೊರೆ ದುರಸ್ತಿ ನಿಲ್ಲುತ್ತದೆ. ಕ್ಯಾನ್ಸರಿಗೆ ಕೊಡುವ ಇಮ್ಯಾಟಿನಿಬ್ ಏಬಲ್ ಕಿಣ್ವವನ್ನು ತಡೆಯುವುದರಿಂದ ವ್ಯಾಕ್ಸೀನಿಯಾ ಹೊರಬೀಳುವುದನ್ನು ಕಡಿಮೆ ಮಾಡುತ್ತದೆ ಎಂದು 2005ರಲ್ಲಿ ತೋರಿಸಿದರು. ಆದರೂ ಪಾಕ್ಸ್‌ಗೆ ಬಳಕೆಗೆ ಬಂದ ಮಾತ್ರೆ ಟೆಕೊವಿರಿಮ್ಯಾಟ್, ಅದು ಹಿಡಿಯುವುದು ಹೊದಿಕೆ ಸುತ್ತುವ ವೈರಸ್ಸಿನದೇ ಪ್ರೋಟೀನನ್ನು. ಅಸಿಡಿಟಿಗೆ ನುಂಗುವ ಒಮೆಪ್ರಜೋಲ್ ಬಳಗದ ಕೆಲವು ಅಣುಗಳು ಪ್ರಯೋಗಾಲಯದ ಕೋಶಗಳಲ್ಲಿ ಟಿಎಸ್‌ಜಿ101ಗೆ ಅಂಟಿ ಎಚ್‌ಐವಿ ಬಿಡುಗಡೆಯನ್ನು ತಡೆದದ್ದು 2017ರಲ್ಲಿ ಪ್ರಕಟವಾಯಿತು. ಗ್ಯಾಸ್ ಮಾತ್ರೆ ಎಚ್‌ಐವಿಗೆ ಮದ್ದು ಎಂದು ಯಾರಾದರೂ ವಾಟ್ಸ್‌ಆ್ಯಪಿನಲ್ಲಿ ಕಳಿಸಿದರೆ ನಂಬಬಾರದು. ಕೋಶದ ತಟ್ಟೆಗೆ ಸುರಿದ ಪ್ರಮಾಣಕ್ಕೂ ನುಂಗಿದ ಮಾತ್ರೆಯಿಂದ ರಕ್ತಕ್ಕೆ ಸೇರುವ ಪ್ರಮಾಣಕ್ಕೂ ತಾಳೆಯಾಗುವುದಿಲ್ಲ, ಎಆರ್‌ಟಿ ಬಿಟ್ಟವರ ವೈರಸ್ ಕೆಲವೇ ವಾರಗಳಲ್ಲಿ ಮೇಲೇಳುತ್ತದೆ.

ದಾರಿ ಇದೆಯೆಂದು ತೋರಿಸಿದ್ದು ಮಂಗ ಮತ್ತು ಇಲಿ. ದಕ್ಷಿಣ ಅಮೆರಿಕದ ಅಳಿಲುಕೋತಿಗಳಲ್ಲೂ ಇಲಿಗಳಲ್ಲೂ ಸಿಎಚ್‌ಎಂಪಿ3 ಜೀನಿನ ತುಂಡಾದ ಪ್ರತಿಯೊಂದು ಬೇರೆಬೇರೆಯಾಗಿ ಹುಟ್ಟಿಕೊಂಡಿದೆ, ರೆಟ್ರೋ-ಸಿಎಚ್‌ಎಂಪಿ3 ಎಂದು ಹೆಸರು. 2021ರಲ್ಲಿ ಪ್ರಕಟವಾದ ಕೆಲಸದ ಪ್ರಕಾರ ಇದು ಎಚ್‌ಐವಿಯಂಥ ವೈರಸ್ ಹೊರಬೀಳುವುದನ್ನು ಬಲವಾಗಿ ತಡೆಯುತ್ತದೆ, ಕೋಶ ವಿಭಜನೆಗೆ ಮಾತ್ರ ಹೆಚ್ಚು ತೊಂದರೆ ಕೊಡುವುದಿಲ್ಲ. ಗುಟ್ಟು ಸಮಯದಲ್ಲಿದೆ. ಎಸ್ಕಾರ್ಟ್ ಪೂರ್ತಿ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಮರಿಕೋಶಗಳ ನಡುವಿನ ಸೇತುವೆ ಕತ್ತರಿಸಲು ಹೇಗೂ ಗಂಟೆಗಟ್ಟಲೆ ಸಮಯವಿದೆ, ಸ್ವಲ್ಪ ತಡವಾದರೆ ನಷ್ಟವಿಲ್ಲ. ಎಚ್‌ಐವಿಗೆ ಇರುವುದು ಕೆಲವೇ ನಿಮಿಷ. ಕತ್ತು ತೆರೆದೇ ಉಳಿದರೆ ಕಣದೊಳಗಿನ ಪ್ರೋಟಿಯೇಸ್ ಎಂಬ ವೈರಸ್ಸಿನ ಕಿಣ್ವ ಅಷ್ಟರಲ್ಲೇ ಎಚ್ಚೆತ್ತು ಗ್ಯಾಗ್ ಕತ್ತರಿಸತೊಡಗುತ್ತದೆ. ಕಣಕ್ಕೆ ಬೇಕಾದ ಕಿಣ್ವಗಳು ಅದೇ ಕತ್ತಿನಿಂದ ಕೋಶದೊಳಕ್ಕೆ ಸೋರಿಹೋಗುತ್ತವೆ. ಆಮೇಲೆ ಕತ್ತು ತುಂಡಾಗಿ ಕಣ ಹೊರಬಿದ್ದರೂ ಅದಕ್ಕೆ ಮುಂದಿನ ಕೋಶವನ್ನು ಹಿಡಿಯುವ ಶಕ್ತಿ ಇರುವುದಿಲ್ಲ.